ತೂರದ ಮಣ್ಣು

ಅಣುಬಾಂಬಿನ ಪಾಠ ಮಾಡುವವರಿಗೆ ದೊಡ್ಡ ತೊಡಕು ಬಾಂಬಲ್ಲ, ಟಿವಿ. ಉಕ್ರೇನಿನ ಮೇಲೆ ರಷ್ಯಾ ದಂಡೆತ್ತಿ ಹೋಗಿ ಬಹಳ ದಿನವಾಗಿತ್ತು, ಯುದ್ಧ ಮುಗಿಯುವ ಲಕ್ಷಣ ಇರಲಿಲ್ಲ. ನಡುನಡುವೆ, ಯಾರಾದರೂ ಅಡ್ಡ ಬಂದರೆ ಅಣ್ವಸ್ತ್ರ ತೆಗೆಯುತ್ತೇವೆ ಅನ್ನುವ ಧಾಟಿಯ ಮಾತು ಆ ದೊಡ್ಡ ದೇಶದಿಂದ ಬರುತ್ತಿತ್ತು. ಬಂದಾಗಲೆಲ್ಲ ನಮ್ಮ ಚಾನೆಲ್ಲುಗಳು ಬೆಂಕಿಯ ಚಿತ್ರ ಹಾಕಿ, ಇವತ್ತು ಸಂಜೆಗೆ ಲೋಕವೇ ಮುಗಿಯಿತು ಅನ್ನುವಂತೆ ಒದರುತ್ತಿದ್ದವು. ಮರುದಿನ ನವಲಗುಂದ ಬಸ್ ಸ್ಟ್ಯಾಂಡಿನ ಮುಂದೆ ಮಿರ್ಚಿ ಕರಿಯುವವನು ಎಂದಿನಂತೆ ಕರಿಯುತ್ತಿದ್ದ. ಹೀಗಾಗಿ ನನ್ನ ವಿದ್ಯಾರ್ಥಿಗಳ ಪಾಲಿಗೆ ಅಣುಬಾಂಬು ಅಂದರೆ ಬರುತ್ತೇನೆ ಅಂತ ಹೇಳಿ ಬಾರದ ನೆಂಟ.

ನಾನು ಆ ತಾಲೂಕಿನ ಒಂದು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುತ್ತೇನೆ. ಮನೆ ಕುಂದಗೋಳದಲ್ಲಿ, ದಿನಾ ಹುಬ್ಬಳ್ಳಿಗೆ ಬಂದು ಅಲ್ಲಿಂದ ಇನ್ನೊಂದು ಬಸ್ಸು. ಬಿ.ಎ. ಕೊನೆಯ ವರ್ಷದವರಿಗೆ ಅಂತರರಾಷ್ಟ್ರೀಯ ಸಂಬಂಧಗಳ ಪತ್ರಿಕೆ ನನ್ನದು. ಅದರಲ್ಲಿ ಒಂದು ಘಟಕ ಅಣ್ವಸ್ತ್ರಗಳ ಬಗ್ಗೆ: ಬಾಂಬನ್ನು ಬಳಸದೇ, ಬಳಸಿಯೇನು ಅನ್ನುವ ಭಯ ಒಂದರಿಂದಲೇ ಎದುರಿನವನನ್ನು ತಡೆದು ನಿಲ್ಲಿಸುವ ತಂತ್ರ. ಹೇಳಿದೆ, ಬರೆಸಿದೆ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದ. ಅಣ್ಣಿಗೇರಿ ಕಡೆಯವನು, ಕ್ರಿಕೆಟ್ ಪಂದ್ಯಕ್ಕೆ ಮೈಕಿಲ್ಲದೇ ಕಾಮೆಂಟರಿ ಹೇಳುವಷ್ಟು ದನಿ.

“ಮೇಡಂ, ಹಾಕೂದೇ ಇಲ್ಲಂದ್ರ ಹೆದರೂದ್ಯಾಕ್ರಿ? ಯಾರೂ ಹೆದರೂದಿಲ್ಲಂದ್ರ ಇಟ್ಕೊಳ್ಳೂದ್ಯಾಕ್ರಿ?”

ತರಗತಿ ನಕ್ಕಿತು. ನನಗೆ ಸಿಟ್ಟು ಬಂತು, ಯಾಕೆಂದರೆ ಪ್ರಶ್ನೆ ಸರಿಯಾಗಿತ್ತು, ನನ್ನ ಹತ್ತಿರ ಇದ್ದ ಉತ್ತರ ಪುಸ್ತಕದ್ದು. ಆ ಉತ್ತರ ಹೇಳಿದರೆ ಇವರು ಬರೆದುಕೊಂಡು ಮರೆಯುತ್ತಾರೆ. ಬಾಯಿಪಾಠದಿಂದ ಇದು ಆಗುವ ಮಾತಲ್ಲ, ಆಡಿಸಿ ತೋರಿಸಬೇಕು ಅಂತ ನಿರ್ಧಾರ ಮಾಡಿದೆ.

ನಿಯಮ ಇಷ್ಟು. ಬೆಂಚುಗಳನ್ನು ಗೋಡೆಗೆ ಸರಿಸಿ, ನೆಲದ ಮೇಲೆ ಸೀಮೆಸುಣ್ಣದಿಂದ ದೊಡ್ಡ ಚೌಕ ಬರೆದೆ, ನಡುವೆ ಒಂದು ಗೆರೆ. ಗೆರೆಯ ಆಚೆ ದೊಡ್ಡ ದೇಶ, ಈಚೆ ಸಣ್ಣ ದೇಶ. ಪ್ರತಿ ಸುತ್ತಿಗೆ ದೊಡ್ಡ ದೇಶ ಗೆರೆ ಒರೆಸಿ ಒಂದು ಗೇಣು ಒಳಗೆ ಹೊಸ ಗೆರೆ ಎಳೆಯಬಹುದು. ಬಾಜು ಕೂತ ಮೂರನೆಯ ಗುಂಪು ಸಹಾಯಕ ದೇಶಗಳದು. ಅವರು ಚೀಟಿ ಕೊಟ್ಟರೆ ಸಣ್ಣ ದೇಶ ಗೆರೆಯನ್ನು ಅಷ್ಟೇ ಹಿಂದಕ್ಕೆ ತಳ್ಳಬಹುದು. ದೊಡ್ಡ ದೇಶದ ಕೈಯಲ್ಲಿ ಒಂದು ಕೆಂಪು ಕಾರ್ಡು. ಅದನ್ನು ಮೇಜಿನ ಮೇಲೆ ಇಟ್ಟರೆ ಆಟ ಮುಗಿಯಿತು, ಆ ಘಟಕದ ಆಂತರಿಕ ಅಂಕ ಇಡೀ ತರಗತಿಗೆ ಸೊನ್ನೆ. ಇಟ್ಟವನಿಗೂ ಸೊನ್ನೆ. ಇದನ್ನು ನಾನು ಹುಬ್ಬು ಗಂಟಿಕ್ಕಿಕೊಂಡು ಹೇಳಿದೆ.

ದೊಡ್ಡ ದೇಶಕ್ಕೆ ಅಣ್ಣಿಗೇರಿಯ ಹುಡುಗ ತಾನೇ ಹಾರಿ ಬಂದ. ಸಣ್ಣ ದೇಶ ಆಗಲಿಕ್ಕೆ ಯಾರೂ ತಯಾರಿಲ್ಲ. ಕೊನೆಗೆ ತಿರ್ಲಾಪುರದ ಹುಡುಗಿ ಎದ್ದು ಬಂದು ಗೆರೆಯ ಈಚೆ ಕೂತಳು. ಮಾತು ಕಡಿಮೆ, ಅಕ್ಷರ ದುಂಡಗೆ. ಅಷ್ಟು ಬಿಟ್ಟರೆ ನನಗೆ ಆಕೆಯ ಬಗ್ಗೆ ಏನೂ ಗೊತ್ತಿರಲಿಲ್ಲ.

ಮೊದಲ ಸುತ್ತಿಗೆ ಹುಡುಗ ಗೇಣು ಒಳಗೆ ಬಂದ. ಸಹಾಯಕರು ಚೀಟಿ ಎತ್ತಿದರು. ಇವನು ಕಾರ್ಡು ಎತ್ತಿ ತೋರಿಸಿದ, “ಕೊಟ್ರ ಇಡತೀನಿ ನೋಡ್ರಿ!” ಸಹಾಯಕರು ಚೀಟಿ ಕೆಳಗಿಟ್ಟರು. ಎರಡನೆಯ ಸುತ್ತೂ ಹಾಗೇ. ಆಮೇಲೆ ಸಹಾಯಕರಲ್ಲಿ ಒಬ್ಬಳು ಧೈರ್ಯ ಮಾಡಿ ಚೀಟಿ ಕೊಟ್ಟೇ ಬಿಟ್ಟಳು. ಹುಡುಗ ನನ್ನ ಮುಖ ನೋಡಿದ, ಗೆಳೆಯರ ಮುಖ ನೋಡಿದ, ಮತ್ತೆ ಹಲ್ಲು ಕಿಸಿದು ಕಾರ್ಡನ್ನು ಮೇಜಿನ ಮೇಲೆ ಟಪ್ ಅಂತ ಇಟ್ಟ. ನಂತರ ಹಿಂದಿನಿಂದ ಯಾರೋ, “ಮೇಡಂ ಸೊನ್ನಿ ಹಾಕೂದಿಲ್ಲ ಬಿಡ್ಲೇ,” ಅಂದರು. ಅಲ್ಲಿಗೆ ಇಡೀ ಖೋಲಿ ನಗೆಯಲ್ಲಿ ಮುಳುಗಿತು. ತಿರ್ಲಾಪುರದ ಹುಡುಗಿ ಮಾತ್ರ ನಗಲಿಲ್ಲ.

ನಾನು ಸಿಕ್ಕಿಬಿದ್ದಿದ್ದೆ. ಸೊನ್ನೆ ಹಾಕಿದರೆ ಏನೂ ಮಾಡದ ಮಕ್ಕಳ ತಲೆಯ ಮೇಲೆ ಕಲ್ಲು. ಹಾಕದಿದ್ದರೆ ಇನ್ನು ಮುಂದೆ ನನ್ನ ಯಾವ ಮಾತಿಗೂ ತೂಕವಿಲ್ಲ. “ನಾಳೆ ಹೇಳತೀನಿ,” ಅಂತ ಹೊರಬಿದ್ದೆ. ಬಸ್ಸಿನಲ್ಲಿ ಕೂತು ಆ ಹುಡುಗನನ್ನು ಮನಸ್ಸಿನಲ್ಲೇ ಬೈದೆ. ಹುಬ್ಬಳ್ಳಿ ಬರುವ ಹೊತ್ತಿಗೆ ಸಿಟ್ಟು ಇಳಿದು ನಾಚಿಕೆ ಉಳಿದಿತ್ತು. ತಡೆಯುವ ತಂತ್ರ ಕಲಿಸಲು ಹೋದವಳು ನನ್ನ ಬೆದರಿಕೆಯನ್ನೇ ಮಕ್ಕಳು ನಂಬುತ್ತಾರೋ ಇಲ್ಲವೋ ಅಂತ ನೋಡಿಕೊಂಡಿರಲಿಲ್ಲ.

ಮರುದಿನ ಸುತ್ತು ಬಳಸಲಿಲ್ಲ. “ಸೊನ್ನೆ ಹಾಕೂದಿಲ್ಲ. ನಿನ್ನೆ ಹೇಳಿದ್ದು ಖಾಲಿ ಬೆದರಿಕೆ. ನಿಮಗದು ಗೊತ್ತಿತ್ತು, ಅದಕ್ಕ ನೀವು ಹೆದರಲಿಲ್ಲ. ಈಗ ನನಗ ಹೇಳ್ರಿ, ಖಾಲಿ ಅಲ್ಲದ ಬೆದರಿಕೆ ನಿಮ್ಮೂರಾಗ ಯಾವುದೈತಿ?”

ಯಾರ್ಯಾರೋ ಏನೇನೋ ಹೇಳಿದರು, ಪೊಲೀಸು, ಕೋರ್ಟು, ಬಹಿಷ್ಕಾರ. ತಿರ್ಲಾಪುರದ ಹುಡುಗಿ ಕೂತಲ್ಲಿಂದಲೇ ಅಂದಳು, “ಮಣ್ಣ ತೂರೂದು, ಮೇಡಂ.”

ನಮ್ಮ ಕಡೆ ಇದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಅನ್ಯಾಯವಾದವರು, ಅದರಲ್ಲೂ ಹೆಣ್ಣುಮಕ್ಕಳು, ಒಂದು ಹಿಡಿ ಮಣ್ಣು ತೂರಿ “ನಿನ್ನ ಮನಿ ಹಾಳಾಗಲಿ” ಅಂದರೆ ಆ ಮನೆ ಮತ್ತೆ ಏಳುವುದಿಲ್ಲ ಅನ್ನುವ ನಂಬಿಕೆ. ತೂರಿದವರಿಗೂ ಅರ್ಧ ಶಾಪ ತಟ್ಟುತ್ತದೆ ಅಂತಲೂ ಹೇಳುತ್ತಾರೆ. ಅದಕ್ಕೇ ಬೈಯುವವರು ಬಹಳ, ತೂರುವವರು ಅಪರೂಪ.

ಆಕೆ ನಿಧಾನವಾಗಿ ತನ್ನ ಮನೆಯ ಸಂಗತಿ ಹೇಳಿದಳು. “ನಮ್ಮ ಹೊಲದ ಬಾಜು ಹೊಲ ನಮ್ಮ ಬೀಗರದ್ರಿ. ನಮ್ಮಕ್ಕನ್ನ ಆ ಮನಿಗೇ ಕೊಟ್ಟೈತಿ. ಅಕ್ಕನ ಮಾವ ಪ್ರತಿ ವರ್ಷ ಹೊಲ ಉಳಾಕ ರಂಟಿ ಹೊಡ್ಯಾಗ ಬದು ಕೆಡವಿ ನಮ್ಮ ಹೊಲದಾಗ ಬರತಾನ್ರಿ. ಸರ್ವೇದವರನ್ನ ಕರಿಸಿ ಮೋಜಣಿ ಮಾಡಿಸಿ ಕಲ್ಲು ಹುಗಿಸಿದ್ವಿ, ಕಲ್ಲು ಉಳಿಲಿಲ್ಲ. ಅಪ್ಪ ಬಾಯಿ ಬಿಡೂದಿಲ್ಲ, ಮಗಳು ಅವರ ಮನ್ಯಾಗ ಅದಾಳಂತ. ಈಗ ನಮ್ಮಜ್ಜಿ, ಬರೂ ಅಮಾಸಿಗೆ ಆ ಹೊಲದ ಮಣ್ಣು ಹಿಡಕೊಂಡು ಹೋಗಿ ಬೀಗರ ಬಾಗಲದಾಗ ತೂರತೀನಿ ಅಂತ ಕುಂತಾಳ್ರಿ. ಅಕ್ಕ ಬಸರಿ ಅದಾಳ. ತೂರಿದ್ರ ಆ ಕೂಸಿಗೂ ತಟ್ಟತೈತಿ ಅಂತ ಅಕ್ಕ ಅಳಾಕತ್ಯಾಳ.”

ದೊಡ್ಡ ದನಿಯ ಹುಡುಗ ಸಣ್ಣ ದನಿಯಲ್ಲಿ ಕೇಳಿದ, “ಮತ್ತ ಆ ಮಾವ ಹೆದರ್ಯಾನೇನು?”

“ಇಲ್ಲ. ‘ಮೊಮ್ಮಗಳಿದ್ದ ಮನಿಗೆ ಮುದುಕಿ ಮಣ್ಣ ತೂರತಾಳೇನು, ಬಿಡ್ರಿ’ ಅಂತ ನಗತಾನ. ಅವ ನಗೂದು ನೋಡಿ ಅಜ್ಜಿಗೆ ಇನ್ನಷ್ಟ ತೂರಬೇಕನಸತೈತಿ.” ಆಮೇಲೆ ಸೇರಿಸಿದಳು, “ನಮ್ಮಜ್ಜಿ ಇಡೀ ಓಣಿ ಕೂಸುಗಳಿಗೆ ನೀರು ಎರದಾಕಿರಿ. ಆಕಿ ಕಾಲ ಮ್ಯಾಲ ಹಾಕ್ಕೊಂಡ್ಲಂದ್ರ ಎಂಥಾ ಅಳೂ ಕೂಸೂ ಸುಮ್ನಾಗತೈತಿ.”

ನಾನು ಕಪ್ಪು ಹಲಗೆಗೆ ಬೆನ್ನು ಕೊಟ್ಟು ನಿಂತಿದ್ದೆ. ಪುಸ್ತಕದ ಘಟಕವೆಲ್ಲ ಈ ಹುಡುಗಿಯ ಮನೆಯಲ್ಲೇ ಇತ್ತು. ಆಟವನ್ನು ಇನ್ನೊಮ್ಮೆ ಆಡಿಸಬೇಕು, ಈ ಸಲ ಖಾಲಿ ಬೆದರಿಕೆ ಬೇಡ ಅಂದುಕೊಂಡೆ.

ಮಣ್ಣು ಹಿಡಿದು ಆಡುವುದು ಬೇಡ ಅಂತ ಹುಡುಗಿ ಮೊದಲೇ ಹೇಳಿದಳು, ನಾನೂ ಒಪ್ಪಿದೆ. ಆಫೀಸಿಗೆ ಹೋಗಿ ಸ್ಟಾಂಪ್ ಪ್ಯಾಡಿಗೆ ಹಾಕುವ ನೀಲಿ ಮಸಿಯ ಬಾಟಲಿ ತಂದೆ. ಎಲ್ಲರೂ ವಾರಗಟ್ಟಲೆ ಕೈಯಾರೆ ಬರೆದು ತಂದಿದ್ದ ಅಸೈನ್‌ಮೆಂಟುಗಳನ್ನು ಒಟ್ಟಿದೆ, ಕಾಲು ಅಲುಗುವ ಒಂದು ಮೇಜಿನ ಮೇಲೆ. ಬಾಟಲಿಯ ಮುಚ್ಚಳ ತೆಗೆದು ಅಣ್ಣಿಗೇರಿಯ ಹುಡುಗನ ಕೈಗೆ ಕೊಟ್ಟೆ. “ಇದರ ಮ್ಯಾಲ ಹಿಡಕೊಂಡು ನಿಂದ್ರು. ನೀ ಒಳಗ ಎಳದ ಗೆರೆ ಉಳೀಬೇಕಂದ್ರ ಬಾಟಲಿ ಮ್ಯಾಲೇ ಇರಬೇಕು. ಕೆಳಗಿಟ್ಟಿ ಅಂದ್ರ ಅವರು ಗೆರೆ ಹಿಂದಕ್ಕ ತಳ್ಳತಾರ. ಚೆಲ್ಲಿದಿ ಅಂದ್ರ ಎಲ್ಲಾರೂ ಮತ್ತ ಬರೀಬೇಕು, ನೀನೂ.”

“ಮೇಡಂ, ಖರೇನ?”

“ಖರೇ. ಮಸಿಗೆ ನನ್ನ ಮಾತು ಕೇಳಿಸೂದಿಲ್ಲ.”

ಬಾಗಿಲಲ್ಲಿ ಹಾದು ಹೋಗುತ್ತಿದ್ದ ಹಿರಿಯ ಸಹೋದ್ಯೋಗಿಯೊಬ್ಬರು ಇಣುಕಿ, “ಏನ್ರೀ ಮೇಡಂ ಇದು!” ಅಂದರು. “ಯುದ್ಧ ನಡದೈತ್ರಿ ಸರ್, ಆಮ್ಯಾಲ ಬರ್ರಿ,” ಅಂದೆ.

ಮೊದಲೆರಡು ಸುತ್ತು ಹುಡುಗ ಮುಂಚಿನ ಹಾಗೇ ಗುಡುಗಿದ, ಗೆರೆ ಎರಡು ಗೇಣು ಒಳಗೆ ಬಂತು. ಸಹಾಯಕರು ಈ ಸಲ ಸುಮ್ಮನೆ ಕೂರಲಿಲ್ಲ, ಇಡೀ ಚೀಟಿಯನ್ನು ಒಮ್ಮೆಲೇ ಕೊಡಲೂ ಇಲ್ಲ. ಚೀಟಿಯನ್ನು ಹರಿದು ಚೂರು ಮಾಡಿ ಒಂದೊಂದೇ ಚೂರು ದಾಟಿಸಿದರು. ಒಂದು ಚೂರಿಗಾಗಿ ಯಾರು ಮಸಿ ಚೆಲ್ಲುತ್ತಾರೆ? ಹುಡುಗ ಪ್ರತಿ ಚೂರಿಗೂ, “ಚೆಲ್ಲತೀನಿ, ಚೆಲ್ಲತೀನಿ,” ಅಂದ. ಸಣ್ಣ ದೇಶ ಬೆರಳಷ್ಟು, ಬೆರಳಷ್ಟು ಗೆರೆ ಹಿಂದೆ ತಳ್ಳಿತು. ನಾಲ್ಕನೆಯ ಸುತ್ತಿಗೆ ಅವನ ತೋಳು ನಡುಗಲು ಹತ್ತಿತು. ಒಂದು ಹನಿ ಬಿತ್ತು. ಅವನದೇ ಅಸೈನ್‌ಮೆಂಟಿನ ಮೇಲೆ. ಎಲ್ಲರೂ ಹೋ ಅಂದರು.

“ಮೇಡಂ, ಕೈ ಸೋತಾವ್ರಿ. ಇಡಾಕೂ ಬರವಲ್ದು, ಹಿಡಿಯಾಕೂ ಆಗವಲ್ದು. ಯಾರರ ಇಸಗೊಳ್ರಿ!”

ನಾನು ಬಾಟಲಿ ಇಸಿದುಕೊಂಡು ಮುಚ್ಚಳ ಹಾಕಿದೆ. ಗೆರೆ ಎಲ್ಲಿತ್ತೋ ಅಲ್ಲೇ, ಮೊದಲಿನ ಜಾಗಕ್ಕಿಂತ ಒಳಗೆ, ನಿಂತಿತು. ಇದೇ ಉಕ್ರೇನಿನ ಯುದ್ಧದ ಸ್ಥಿತಿ ಅಂತ ಹೇಳಿದೆ. ಬಾಂಬು ಇದ್ದವನು ಅದನ್ನು ಹಾಕಿಲ್ಲ, ಆದರೆ ಅದರ ಮರೆಯಲ್ಲಿ ನಿಂತು ಇನ್ನೊಬ್ಬರ ಹೊಲ ಉಳುತ್ತಿದ್ದಾನೆ. ಸಹಾಯ ಮಾಡುವವರು ಅಳೆದು ಅಳೆದು ಕೊಡುತ್ತಿದ್ದಾರೆ. ನಡುವೆ ದಿನಾ ಸಾಯುತ್ತಿರುವವರು ಗೆರೆಯ ಮೇಲಿನವರು.

ತಿರ್ಲಾಪುರದ ಹುಡುಗಿ ಕೈ ಎತ್ತಿದಳು. “ಮೇಡಂ, ನಮ್ಮೂರಾಗ ಹೊಲ ಕಳಕೊಂಡಾಕಿ ಕೈಯಾಗ ಮಣ್ಣೈತಿ. ಅಲ್ಲಿ ಕಸಗೊಂಡಾವನ ಕೈಯಾಗೇ ಐತಲ್ರಿ. ಉಲ್ಟಾ ಆತಲ್ರಿ.”

“ಹೌದು, ಉಲ್ಟಾ.”

“ಹಂಗಾರ ನಮ್ಮಜ್ಜಿ ತೂರಲಾರದ, ಸುಮ್ಮ ಹಿಡಕೊಂಡು ಕುಂತ್ರ?”

ನಾನು ಮೇಷ್ಟ್ರಿಕೆಯ ಉತ್ಸಾಹದಲ್ಲಿದ್ದೆ. ಮಾತು ಸಲೀಸಾಗಿ ಬಂತು. “ಹಿಡಕೊಂಡ್ರ ಸಾಲೂದಿಲ್ಲ. ಈಕಿ ತೂರಾಕೂ ಹಿಂದ ಮುಂದ ನೋಡೂದಿಲ್ಲ ಅಂತ ಎದುರಿನವಗ ಖಾತ್ರಿ ಆಗಬೇಕು. ಖಾತ್ರಿ ಬಾಯಿಮಾತಿನಿಂದ ಬರೂದಿಲ್ಲ. ಹಿಡದಾಕಿ ತಾನೇ ಏನರ ದೊಡ್ಡದು ಬಿಟ್ಟುಕೊಟ್ಟಾಗ ಬರತೈತಿ.” ಆಕೆ ತಲೆಯಾಡಿಸಿದಳು. ಗಂಟೆ ಹೊಡೆಯಿತು.

ಅಮಾವಾಸ್ಯೆ ಕಳೆದ ಮೇಲೆ ಆಕೆ ನನ್ನನ್ನು ಸ್ಟಾಫ್ ರೂಮಿನ ಹೊರಗೆ ನಿಲ್ಲಿಸಿ ವರದಿ ಒಪ್ಪಿಸಿದಳು. ಅಜ್ಜಿ ಹೊಲಕ್ಕೆ ಹೋಗಿ, ಬೀಗರು ಉತ್ತಿದ್ದ ಸಾಲಿನಿಂದಲೇ ಒಂದು ಹಿಡಿ ಎರಿಮಣ್ಣು ತಂದಳಂತೆ. ಬೀಗರ ಬಾಗಿಲ ಮುಂದೆ, ಓಣಿಯ ಮಂದಿ ನೋಡುತ್ತಿದ್ದ ಹಾಗೇ, ಅದನ್ನು ಸೆರಗಿನ ತುದಿಗೆ ಕಟ್ಟಿ ಗಂಟು ಹಾಕಿದಳಂತೆ. “ಇವತ್ತ ತೂರೂದಿಲ್ಲ. ಇನ್ನೊಮ್ಮೆ ನೀ ಬದು ಮುಟ್ಟಿದ ದಿನ ತೂರತೀನಿ. ಈ ಗಂಟು ನನ್ನ ಸೆರಗಿನಾಗ ಇರೂತನಕ ಈ ಕೈಲೆ ಹುಟ್ಟೂ ಕೂಸನ್ನ ಮುಟ್ಟೂದಿಲ್ಲ,” ಅಂದಳಂತೆ. ಶಾಪದ ಮಣ್ಣು ಹಿಡಿದ ಕೈ ಹಸುಗೂಸಿಗೆ ತಾಗಬಾರದು, ಹಳ್ಳಕ್ಕೆ ಬಿಟ್ಟು ಕೈ ತೊಳೆದ ಮೇಲೆಯೇ ಮುಟ್ಟಬೇಕು ಅನ್ನುವುದು ಅವರ ಮನೆಯ ನೇಮ. ಬೀಗ ಆಗಲೂ ನಕ್ಕನಂತೆ: “ಕೂಸು ಬರಲಿ, ಮುದುಕಿ ತಾನೇ ಬಿಚ್ಚತಾಳ.”

ಚೊಚ್ಚಲ ಹೆರಿಗೆ, ಅಕ್ಕ ರೂಢಿಯಂತೆ ತವರಿಗೆ ಬಂದಳು. ಗಂಡು ಕೂಸು ಹುಟ್ಟಿತು. ಅಜ್ಜಿ ತನ್ನ ಕೌದಿ ಎತ್ತಿಕೊಂಡು ಪಡಸಾಲೆ ಬಿಟ್ಟು ಹೊರಗಿನ ಕಟ್ಟೆಗೆ ಹೋದಳು. ಮೊಮ್ಮಗನನ್ನು ನೋಡಲು ಬಂದ ಬೀಗ ಒಳಗೆ ಹೋಗುವಾಗ ಆಕೆಯನ್ನು ನೋಡಿದ, ಹೊರಗೆ ಬರುವಾಗಲೂ ನೋಡಿದ. ಒಳಗೆ ಕೂಸು ಕಿರುಚುತ್ತಿತ್ತು, ಆಕೆ ಅಲ್ಲೇ ಕೂತಿದ್ದಳು. ಮರುದಿನ ಅವನೇ ಟ್ರ್ಯಾಕ್ಟರ್ ತಂದು ಬದುವನ್ನು ಹಳೆಯ ಜಾಗಕ್ಕೆ ಹಾಕಿದ.

ಸುದ್ದಿ ಕೇಳಿ ತರಗತಿ ಚಪ್ಪಾಳೆ ಹೊಡೆಯಿತು. ಅಣ್ಣಿಗೇರಿಯ ಹುಡುಗ, “ಗೆದ್ವಿ ಮೇಡಂ!” ಅಂತ ಬೆಂಚು ಗುದ್ದಿದ. ಸುಳ್ಳು ಯಾಕೆ ಹೇಳಲಿ, ನನಗೂ ಹೆಮ್ಮೆ ಅನಿಸಿತು. ಇಷ್ಟು ವರ್ಷ ಪಾಠ ಹೇಳಿದ್ದು ಎಲ್ಲೋ ಒಂದು ಕಡೆ ಫಲ ಕೊಟ್ಟಿತಲ್ಲ ಅಂದುಕೊಂಡೆ. ಹುಡುಗಿ ಎಲ್ಲರೂ ಹೋಗುವವರೆಗೆ ಕಾದಳು.

“ಮೇಡಂ, ಅಜ್ಜಿ ಇನ್ನೂ ಗಂಟು ಬಿಚ್ಚವಲ್ಲಳ್ರಿ. ಹೊಲ ಬಂತು, ಬಿಚ್ಚಬೇ ಅಂದ್ರ ಕೇಳವಲ್ಲಳು. ಹೆಸರಿಡೂದು ಮುಗೀತು, ಕೂಸಿನ ಹತ್ರ ಬರಲಿಲ್ಲ. ಈ ಮಾತು ನಾನ ಕಲಿಸಿದ್ದು ಆಕಿಗೆ. ನೀವು ಒಮ್ಮೆ ಬಂದು ಹೇಳ್ರಿ. ನೀವು ಹೇಳಿದ್ರ ಕೇಳತಾಳ.”

ಮುಂದಿನ ಭಾನುವಾರ ತಿರ್ಲಾಪುರಕ್ಕೆ ಹೋದೆ. ದಾರಿಯ ಎರಡೂ ಬದಿಗೆ ಹತ್ತಿ ಬಿಡಿಸುತ್ತಿದ್ದರು. ನಾನು ಹೇಳಬೇಕಾದ್ದನ್ನೆಲ್ಲ ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದೆ: ಮಾತುಕತೆ, ಹಿರಿಯರ ಮುಂದೆ ಒಪ್ಪಂದ, ಎರಡೂ ಕಡೆ ಸಾಕ್ಷಿ. ಹೊಲ ಉಳಿಯಬೇಕು, ಆಕೆಯ ಕೈಯೂ ಬಿಡುಗಡೆ ಆಗಬೇಕು.

ಹೋದಾಗ ಕೂಸಿಗೆ ಎರೆಯುತ್ತಿದ್ದರು. ಬಚ್ಚಲಲ್ಲಿ ಬಾಜೂ ಮನೆಯ ಹೆಣ್ಣುಮಗಳು ಕಾಲ ಮೇಲೆ ಹಾಕಿಕೊಂಡಿದ್ದಳು, ಕೂಸು ಒಂದೇ ಸಮ ಚೀರುತ್ತಿತ್ತು. ಅಜ್ಜಿ ಅಂಗಳದಲ್ಲಿ, ಬಚ್ಚಲ ಬಾಗಿಲಿಗೆ ಮುಖ ಮಾಡಿ ಕೂತಿದ್ದಳು. ಅಲ್ಲಿಂದಲೇ ಒದರುತ್ತಿದ್ದಳು: “ಕುತ್ತಿಗಿಗೆ ಕೈ ಕೊಡಬೇ! ನೆತ್ತಿಗೆ ನೀರು ಹಿಂಗ ದಬದಬ ಸುರೂತಾರನು? ಅಂಗೈಲೆ ಅಡ್ಡ ಹಿಡದು ಬಿಡು, ಅಂಗೈಲೆ!” ಹೇಳುತ್ತಾ ಹೇಳುತ್ತಾ ಆಕೆಯ ಎರಡೂ ಕೈ ಗಾಳಿಯಲ್ಲಿ ನೀರು ತಡೆಯುತ್ತಿದ್ದವು. ನನ್ನನ್ನು ಕಂಡ ಕೂಡಲೇ ಇಳಿಸಿಕೊಂಡಳು.

ಚಹಾ ಬಂತು. ನಾನು ಜೋಡಿಸಿಕೊಂಡು ಬಂದದ್ದನ್ನೆಲ್ಲ ಹೇಳಿದೆ. ಆಕೆ ಪೂರ್ತಿ ಕೇಳಿದಳು, ನಡುವೆ ಬಾಯಿ ಹಾಕಲಿಲ್ಲ.

“ಬದು ಇನ್ನೂ ಹಸಿ ಐತಿ ತಂಗಿ,” ಅಂದಳು. “ಇದನ್ನ ಬಿಚ್ಚಿದ್ರ ಮುಂದಿನ ರಂಟಿಗೆ ಮತ್ತ ಬರತಾನ. ಅವನ ಬುದ್ಧಿ ನನಗ ಗೊತ್ತೈತಿ.” ಆಮೇಲೆ ಕೇಳಿದಳು, “ಅಲ್ಲ, ನೀ ಏನೋ ಯುದ್ಧದ ಆಟ ಆಡಿಸಿದ್ಯಂತಲ್ಲ, ಹುಡುಗಿ ಹೇಳತಿದ್ಲು. ಆ ಸಣ್ಣ ದೇಶದವರ ಹತ್ರ ಇಂಥಾದ್ದು ಇರಲೇ ಇಲ್ಲೇನು?”

ಹುಡುಗಿ ನನ್ನ ಮುಖ ನೋಡುತ್ತಾ ನಿಂತಿದ್ದಳು. ಇರಲಿಲ್ಲ ಅಂದುಬಿಟ್ಟಿದ್ದರೆ ಮಾತು ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಇತ್ತು ಅಂತ ತರಗತಿಯಲ್ಲಿ ಪ್ರತಿ ವರ್ಷ ಹೇಳುವವಳು ನಾನು. ಮುದುಕಿಯ ಮುಂದೆ ಬೇರೆ ಹೇಳಲು ನಾಲಿಗೆ ಏಳಲಿಲ್ಲ.

“ಹಿಂದಕ ಇತ್ರಿ ಅಜ್ಜಿ.”

“ಏನ್ ಮಾಡಿದ್ರು?”

“ಬಿಟ್ಟುಕೊಟ್ರು. ನಿಮ್ಮ ಗಡಿ ಯಾರೂ ಮುಟ್ಟೂದಿಲ್ಲ ಅಂತ ದೊಡ್ಡವರೆಲ್ಲ ಮಾತು ಕೊಟ್ಟಿದ್ರು.”

“ಮಾತು ಕೊಟ್ಟವರಾಗ ಆ ಬದು ಕೆಡವಿದಾವನೂ ಇದ್ನೇನು?”

“ಇದ್ನ್ರಿ,” ಅಂದೆ. ಅವಸರದಿಂದ ಸೇರಿಸಿದೆ, “ಆದ್ರ ಬಾಂಬು ಸಣ್ಣ ದೇಶದ ನೆಲದಾಗ ಇದ್ರೂ ಅದನ್ನ ಹಾರಿಸೂ ಕೀಲಿ ರಷ್ಯಾದವರ ಕೈಯಾಗ ಇತ್ರಿ. ಅದು ಬ್ಯಾರೆ ಮಾತು.”

“ನನ್ನ ಗಂಟಿಗೆ ಕೀಲಿ ಇಲ್ಲವ್ವ,” ಅಂದಳು ಅಜ್ಜಿ. ಸೆರಗಿನ ತುದಿಯ ಗಂಟನ್ನು ಒಮ್ಮೆ ಬಿಗಿ ಮಾಡಿ ಟೊಂಕಕ್ಕೆ ಸಿಕ್ಕಿಸಿಕೊಂಡಳು. ಚಹಾ ಆರಿತ್ತು, ಕುಡಿದೆ.

ಅಷ್ಟರಲ್ಲಿ ಎರೆದಾದ ಕೂಸನ್ನು ಬಟ್ಟೆಯಲ್ಲಿ ಸುತ್ತಿ, ಲೋಬಾನದ ಹೊಗೆ ಹಾಕಿ, ಅಕ್ಕ ಹೊಸ್ತಿಲಿಗೆ ತಂದಳು. ಅತ್ತು ಅತ್ತು ಅದರ ಮುಖ ಕೆಂಪಾಗಿತ್ತು, ಇನ್ನೂ ಬಿಕ್ಕುತ್ತಿತ್ತು. “ಅಜ್ಜಿ, ನೋಡಬೇ, ಹೆಂಗ ಅಳತೈತಿ,” ಅಂದಳು. ಅಜ್ಜಿ ಎದ್ದು ಹೋದಳು. ಹೊಸ್ತಿಲ ಹತ್ತಿರ ನಿಂತು, ಎರಡೂ ಕೈಗಳನ್ನು ಬೆನ್ನ ಹಿಂದೆ ಒಂದರೊಳಗೊಂದು ಗಟ್ಟಿಯಾಗಿ ಹಿಡಿದುಕೊಂಡು, ಬಗ್ಗಿ ಕೂಸಿನ ಮುಖ ನೋಡಿದಳು.